ಮೂವತ್ತೆರಡು ಬಾರ್‌ಗಳ ಹಾಡು, ಹನ್ನೆರಡು ಮಿಡಿತಗಳ ಗಂಟೆ

ಜಾಝ್ ಕಲಾವಿದರು ಆಫ್ರಿಕದ ಡೋಲುಗಳೊಂದಿಗೆ ಸೇರಿ ಮಾಡಿದ ಧ್ವನಿಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳುತ್ತಾ ಹೋದರೆ, ಅವುಗಳಲ್ಲಿ ಬಹುಪಾಲಿನ ವಿನ್ಯಾಸ ಒಂದೇ ಆಗಿರುವುದು ಬೇಗನೆ ಗೊತ್ತಾಗುತ್ತದೆ. ಆರಂಭದಲ್ಲಿ ಡೋಲುಗಳು ಒಂದೆರಡು ನಿಮಿಷ ಅಬ್ಬರಿಸುತ್ತವೆ. ಸ್ಯಾಕ್ಸೋಫೋನೋ ಟ್ರಂಪೆಟ್ಟೋ ಪರಿಚಿತ ಹಾಡೊಂದನ್ನು ಎತ್ತಿಕೊಂಡ ಕೂಡಲೇ ಅವು ಹಿನ್ನೆಲೆಗೆ ಸರಿಯುತ್ತವೆ. ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಮುಂದಕ್ಕೆ ಬರುತ್ತವೆ. ಕೇಳಲು ಇಂಪಾಗಿಯೇ ಇರುತ್ತದೆ. ಆದರೆ ಎರಡು ಸಂಗೀತಗಳು ಒಂದನ್ನೊಂದು ನಿಜವಾಗಿ ಸಂಧಿಸಿದವು ಎಂದು ನನಗೆ ಅನಿಸುವುದಿಲ್ಲ. ಹಾಡು ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬ ನಿರ್ಧಾರದಲ್ಲಿ ಡೋಲಿಗೂ ಪಾಲು ಸಿಕ್ಕ ಕಡೆಗಳಲ್ಲಿ ಮಾತ್ರ ಅಂಥ ಸಂಧಾನ ನಡೆದಿದೆ ಎಂಬುದು, ಮೃದಂಗದ ಪಾಠ ಹೇಳಿಸಿಕೊಂಡು ಬೆಳೆದು ಆಮೇಲೆ ಜಾಝ್‌ನ ಹುಚ್ಚು ಹತ್ತಿಸಿಕೊಂಡ ನನ್ನ ಕಿವಿಯ ಅನುಭವ.

ಜಾಝ್‌ನವರು ಸ್ಟ್ಯಾಂಡರ್ಡ್ ಎಂದು ಕರೆಯುವ, ಎಲ್ಲರೂ ಮತ್ತೆ ಮತ್ತೆ ನುಡಿಸುವ ಹಾಡುಗಳ ಒಡಲು ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಇವುಗಳಲ್ಲಿ ಹೆಚ್ಚಿನವು 1920ರಿಂದ 1950ರ ದಶಕದವರೆಗೆ ಬ್ರಾಡ್‌ವೇ ರಂಗಭೂಮಿಗೋ ಸಿನಿಮಾಕ್ಕೋ ಬರೆದ ಹಾಡುಗಳು, ಇಲ್ಲವೇ ಡ್ಯೂಕ್ ಎಲಿಂಗ್ಟನ್, ಥೆಲೋನಿಯಸ್ ಮಾಂಕ್ ಅವರಂಥ ಜಾಝ್ ರಚನಕಾರರೇ ಕಟ್ಟಿದ ಕೃತಿಗಳು. ಇವುಗಳ ಸಾಮಾನ್ಯ ಕಟ್ಟು ಹೀಗೆ: ಎಂಟೆಂಟು ಬಾರ್‌ಗಳ (ಬಾರ್ ಎಂದರೆ ಬೀಟುಗಳ ಒಂದು ಗುಂಪು, ಸಾಮಾನ್ಯವಾಗಿ ನಾಲ್ಕು) ನಾಲ್ಕು ಖಂಡಗಳು, ಒಟ್ಟು 32 ಬಾರ್; ಮೊದಲೆರಡು ಖಂಡಗಳು ಒಂದೇ ಧಾಟಿ, ಮೂರನೆಯದು ಬೇರೆ ದಾರಿ ಹಿಡಿಯುವ ಬ್ರಿಡ್ಜ್, ನಾಲ್ಕನೆಯದು ಮತ್ತೆ ಮೊದಲಿನ ಧಾಟಿ. ಇದರ ಅಡಿಯಲ್ಲಿ ಸ್ವರಗುಚ್ಛಗಳು ಬದಲಾಗುತ್ತಾ ಒಂದು ಗೊತ್ತಾದ ಹಾದಿಯಲ್ಲಿ ಸಾಗಿ ಮನೆಗೆ ಮರಳುತ್ತವೆ. ಮನೋಧರ್ಮಕ್ಕೆ, ಅಂದರೆ ಆಶುವಾಗಿ ನುಡಿಸಲು, ಇಳಿದ ಕಲಾವಿದ ಮೂಲ ಧಾಟಿಯನ್ನು ಬಿಟ್ಟುಕೊಡಬಹುದು, ಆದರೆ ಈ ಹಾದಿಯನ್ನು ಬಿಡುವಂತಿಲ್ಲ. ಹದಿನೇಳನೆಯ ಬಾರಿನಲ್ಲಿ ಬ್ರಿಡ್ಜ್ ಬರಲೇಬೇಕು. ಅಂದರೆ ಸ್ಟ್ಯಾಂಡರ್ಡ್‌ನಲ್ಲಿ ಕಾಲವನ್ನು ಅಳೆಯುವುದು ಹಾರ್ಮನಿ, ಈ ಸ್ವರಗುಚ್ಛಗಳ ನಡಿಗೆ. ಡ್ರಮ್ ನುಡಿಸುವವರು ಅದರ ತಿರುವುಗಳನ್ನು ತೋರಿಸಿಕೊಡುತ್ತಾರೆಯೇ ಹೊರತು ತಿರುವು ಎಲ್ಲಿರಬೇಕೆಂದು ಹೇಳುವವರು ಅವರಲ್ಲ.

ಇನ್ನು ಪಶ್ಚಿಮ ಆಫ್ರಿಕ. ಅದು ಒಂದೇ ಸಂಗೀತವಲ್ಲ. ಯೊರುಬಾ ಜನರದು ಒಂದು ಪದ್ಧತಿ, ಅಕಾನ್ ಜನರದು ಇನ್ನೊಂದು, ಮಾಲಿ ಮತ್ತು ಗಿನಿ ಕಡೆಯ ಜೆಂಬೆ ಡೋಲಿನದು ಮತ್ತೊಂದು. ನಾನು ಹೆಚ್ಚಾಗಿ ಕೇಳಿರುವ, ಜಾಝ್‌ನವರೂ ಹೆಚ್ಚಾಗಿ ಅಧ್ಯಯನ ಮಾಡಿರುವ ಎವೆ ಪದ್ಧತಿಯನ್ನಷ್ಟೇ ಇಲ್ಲಿ ಹತ್ತಿರದಿಂದ ನೋಡುತ್ತೇನೆ. ಎವೆ ಜನರ ನಾಡು ಘಾನಾದ ಆಗ್ನೇಯ ಭಾಗದಿಂದ ಟೋಗೋವರೆಗೆ ಹರಡಿದೆ. ಅವರ ಮೇಳದಲ್ಲಿ ಗಾಂಕೋಗುಯಿ ಎಂಬ ಜೋಡಿ ಬಾಯಿಯ ಕಬ್ಬಿಣದ ಗಂಟೆ, ಸೋರೆಬುರುಡೆಗೆ ಮಣಿಬಲೆ ಹೆಣೆದ ಗಿಲಕಿ, ಕಗನು ಎಂಬ ಕಿರಿಯ ಡೋಲು, ಕಿಡಿ ಮತ್ತು ಸೊಗೊ ಎಂಬ ಮಧ್ಯಮ ಡೋಲುಗಳು, ಇವೆಲ್ಲವನ್ನೂ ನಡೆಸುವ ಆಟ್ಸಿಮೆವು ಎಂಬ ಎತ್ತರದ ಮುಖ್ಯ ಡೋಲು ಇರುತ್ತವೆ. ಎಲ್ಲಕ್ಕೂ ಆಧಾರ ಗಂಟೆ.

ಹನ್ನೆರಡು ಸಮಾನ ಮಿಡಿತಗಳನ್ನು ಎಣಿಸಿಕೊಂಡು 1, 3, 5, 6, 8, 10, 12ನೆಯ ಮಿಡಿತಗಳಲ್ಲಿ ಮಾತ್ರ ತಟ್ಟಿದರೆ ಆ ಗಂಟೆಯ ಬಹಳ ಪ್ರಸಿದ್ಧವಾದ ನಡೆ ಸಿಗುತ್ತದೆ. ಇದನ್ನು ಒಂದು ಕೈಯಲ್ಲಿ ಮೇಜಿನ ಮೇಲೆ ತಟ್ಟುತ್ತಾ, ಪಾದದಿಂದ ಮೂರು ಮಿಡಿತಗಳಿಗೊಮ್ಮೆ, ಅಂದರೆ 1, 4, 7, 10ರಲ್ಲಿ ನೆಲ ತಟ್ಟಿ ನೋಡಬೇಕು. ಗಂಟೆಯೂ ಪಾದವೂ ಕೂಡುವುದು ಒಂದರಲ್ಲಿ ಮತ್ತು ಹತ್ತರಲ್ಲಿ ಮಾತ್ರ. ನಡುವಿನ ಎರಡು ಹೆಜ್ಜೆಗಳು ಗಂಟೆಯ ಆಸರೆಯಿಲ್ಲದೆ ಬೀಳುತ್ತವೆ. ಆಮೇಲೆ ಪಾದವನ್ನು ಎರಡು ಮಿಡಿತಗಳಿಗೊಮ್ಮೆ ತಟ್ಟಿದರೆ ಬೇರೆಯದೇ ಅನುಭವ: ಮೊದಲ ಮೂರು ಹೆಜ್ಜೆಗಳಲ್ಲಿ ಗಂಟೆ ಪಾದದ ಜೊತೆಗೇ ಇದ್ದು, ಆರನೆಯ ಮಿಡಿತದಿಂದ ಜಾರಿಕೊಂಡು, ಆವರ್ತ ಮುಗಿಯುವವರೆಗೂ ಎರಡು ಹೆಜ್ಜೆಗಳ ನಡುವೆಯೇ ನುಡಿಯುತ್ತದೆ. ಗಂಟೆ ಬದಲಾಗಿಲ್ಲ; ಬದಲಾದದ್ದು ನಾವು ನಿಂತ ಜಾಗ. ಎವೆ ನರ್ತಕರು ಮೂರು ಮೂರರ ನಾಲ್ಕು ಹೆಜ್ಜೆಗಳನ್ನು ಆಧಾರವಾಗಿ ಹಿಡಿಯುತ್ತಾರೆ, ಆದರೆ ಮೇಳದ ಬೇರೆ ಬೇರೆ ಡೋಲುಗಳು ಉಳಿದ ಎಣಿಕೆಗಳನ್ನೂ ಏಕಕಾಲಕ್ಕೆ ಜೀವಂತವಾಗಿಡುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೂರರ ಎಣಿಕೆಯಾದ ತಿಶ್ರವೂ ನಾಲ್ಕರ ಎಣಿಕೆಯಾದ ಚತುರಶ್ರವೂ ಸರದಿಯ ಮೇಲೆ ಬರುವುದಿಲ್ಲ, ಒಟ್ಟಿಗೇ ಇರುತ್ತವೆ. ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ನಾವು ಲೆಕ್ಕವನ್ನು ಬಿಗಿಮಾಡುತ್ತಾ ಹೋಗಿ, ಮೂರು ಸಲ ಬರುವ ಮುಕ್ತಾಯದ ನಡೆಯಾದ ಮೋರಾ ಹಾಕಿ, ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪ್ಪಿಗೆ ಬಂದು ಇಳಿಯುತ್ತೇವೆ. ಆ ಇಳಿತದಲ್ಲಿ ನಮಗೆ ಸಂತೋಷ. ಎವೆ ಮೇಳ ಆ ಬಿಗಿತವನ್ನು ಸಡಿಲಿಸುವುದೇ ಇಲ್ಲ, ಗಂಟೆಗಟ್ಟಲೆ ಅದನ್ನು ಕಾಪಾಡಿಕೊಂಡು ಹೋಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಈ ಗಂಟೆಯ ತಟ್ಟುಗಳ ನಡುವಿನ ಅಂತರಗಳನ್ನು ಬರೆದುಕೊಂಡರೆ 2, 2, 1, 2, 2, 2, 1 ಎಂದಾಗುತ್ತದೆ. ಶಂಕರಾಭರಣದಲ್ಲಿ ಷಡ್ಜದಿಂದ ಮೇಲಿನ ಷಡ್ಜದವರೆಗೆ ಸ್ವರಗಳ ನಡುವಿನ ಅಂತರಗಳೂ ಸರಿಯಾಗಿ ಇವೇ. ಕಾಲದಲ್ಲಿ ಹನ್ನೆರಡನ್ನು ಏಳಾಗಿ ಹಂಚುವ ಬಗೆಯೂ ಶ್ರುತಿಯಲ್ಲಿ ಹನ್ನೆರಡು ಸ್ಥಾನಗಳಿಂದ ಏಳನ್ನು ಆರಿಸುವ ಬಗೆಯೂ ಒಂದೇ ಆಗಿರುವುದನ್ನು ಪಾಶ್ಚಾತ್ಯ ಸಂಗೀತಶಾಸ್ತ್ರಜ್ಞರೂ ತಮ್ಮ ಮೇಜರ್ ಸ್ಕೇಲನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ಇದರಿಂದ ಒಂದು ಇನ್ನೊಂದರಿಂದ ಹುಟ್ಟಿತು ಎಂದೇನೂ ಆಗುವುದಿಲ್ಲ. ಆದರೂ ಶಂಕರಾಭರಣದ ಆರೋಹಣವನ್ನು ಮನಸ್ಸಿನಲ್ಲಿ ಹಾಡಿಕೊಂಡು ಅದರ ಅಂತರಗಳನ್ನು ಬೆರಳಲ್ಲಿ ತಟ್ಟಿದಾಗ ಘಾನಾದ ಗಂಟೆ ಕೇಳಿಸುವುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಜಾಝ್ ಡ್ರಮ್ಮರ್‌ನ ಬಲಗೈ ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯ ಮೇಲೆ ನುಡಿಸುವ ಮೂಲ ನಡೆಯನ್ನೂ ಇದೇ ಹನ್ನೆರಡು ಮಿಡಿತಗಳ ಮೇಲೆ ಇಟ್ಟು ನೋಡಬಹುದು. ನಾಲ್ಕು ಬೀಟುಗಳ ಒಂದು ಬಾರನ್ನು ಮೂರು ಮೂರಾಗಿ ಒಡೆದರೆ ಆ ನಡೆ 1, 4, 6, 7, 10, 12ರಲ್ಲಿ ಬೀಳುತ್ತದೆ. ವೇಗ ಹೆಚ್ಚಿದಂತೆ ಈ ಮೂರರ ಲೆಕ್ಕ ಸಡಿಲವಾಗುತ್ತದೆ ಎಂಬುದು ನಿಜ, ಆದರೆ ಮಧ್ಯಮ ಕಾಲದಲ್ಲಿ ಇದು ಸರಿಸುಮಾರು ಹೊಂದುತ್ತದೆ. ಗಂಟೆಯ ಏಳು ತಟ್ಟುಗಳಲ್ಲಿ ನಾಲ್ಕು ಇಲ್ಲಿಯೂ ಇವೆ: 1, 6, 10, 12. ಉಳಿದ 3, 5, 8 ರೈಡಿನಲ್ಲಿಲ್ಲ. ಅವುಗಳ ಬದಲಿಗೆ ಪಾದ ಬೀಳುವ 4 ಮತ್ತು 7 ಬಂದು ಕುಳಿತಿವೆ. ಜಾಝ್‌ನ ಸಿಂಬಲ್ ಹೆಜ್ಜೆಯನ್ನು ಬಾಯಿಬಿಟ್ಟು ಹೇಳುತ್ತದೆ, ಎವೆ ಗಂಟೆ ಹೆಜ್ಜೆಯನ್ನು ಕೇಳುವವರ ಮೈಗೆ ಬಿಟ್ಟುಕೊಡುತ್ತದೆ. ಎರಡರ ನಡುವಿನ ಬಂಧುತ್ವವೂ ದೂರವೂ ಈ ನಾಲ್ಕು ಸಮಾನ ತಟ್ಟುಗಳಲ್ಲಿ ಮತ್ತು ಉಳಿದ ವ್ಯತ್ಯಾಸದಲ್ಲಿ ನನಗೆ ಕಾಣುತ್ತವೆ.

ಆ ದೂರ ತಾನಾಗಿ ಬಂದದ್ದಲ್ಲ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೋ ನದಿಯ ಬಳಿ ಗುಲಾಮರು ಡೋಲು ಬಡಿಯುತ್ತಾ ದಂಗೆ ಎದ್ದರು; ಅದನ್ನು ಹತ್ತಿಕ್ಕಿದ ಒಡೆಯರು ಮರುವರ್ಷವೇ ತಂದ ಕಾನೂನಿನಲ್ಲಿ ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ಸದ್ದಿನಲ್ಲಿ ಸಂದೇಶವಿದೆ ಎಂಬುದು ಅವರಿಗೆ ತಿಳಿದಿತ್ತು. ನ್ಯೂ ಆರ್ಲಿಯನ್ಸ್‌ನ ಕಾಂಗೋ ಸ್ಕ್ವೇರ್‌ನಲ್ಲಿ ಮಾತ್ರ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಭಾನುವಾರದಂದು ಗುಲಾಮರು ಕೂಡಿ ಡೋಲು ನುಡಿಸಿ ಕುಣಿಯುತ್ತಿದ್ದರು. ವಾಸ್ತುಶಿಲ್ಪಿ ಬೆಂಜಮಿನ್ ಲ್ಯಾಟ್ರೋಬ್ 1819ರಲ್ಲಿ ಅದನ್ನು ಕಂಡು ವಾದ್ಯಗಳ ಚಿತ್ರ ಬರೆದಿಟ್ಟಿದ್ದಾನೆ. ಕ್ಯೂಬಾದಲ್ಲಿ, ಬ್ರೆಜಿಲ್‌ನಲ್ಲಿ ಡೋಲು ದೇವರ ಪೂಜೆಯೊಳಗೆ ಉಳಿದುಕೊಂಡಿತು. (ಆಫ್ರಿಕದ ಡೋಲು ನಮ್ಮ ಕಡಲನ್ನೂ ದಾಟಿ ಬಂದಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಡಮಾಮಿ ಕುಣಿತಕ್ಕೆ ಡಮಾಮ್ ಡೋಲೇ ಪ್ರಾಣ. ಅದರ ಬೇರು ಮುಖ್ಯವಾಗಿ ಪೂರ್ವ ಆಫ್ರಿಕದ್ದಾದ್ದರಿಂದ ಎವೆ ಪದ್ಧತಿಯೊಂದಿಗೆ ಬೆರೆಸಿ ನೋಡಲಾಗದು.)

ಹೀಗಾಗಿ ಜಾಝ್‌ಗೆ ಡೋಲು ಮರಳಿದ್ದು ಮೊದಲು ಕ್ಯೂಬಾದ ದಾರಿಯಲ್ಲಿ. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ 1947ರಲ್ಲಿ ಹವಾನಾದ ಚಾನೋ ಪೋಸೋ ಎಂಬ, ಕೈಯಿಂದ ಬಡಿಯುವ ಕಾಂಗಾ ಡೋಲಿನ ವಾದಕರನ್ನು ತಮ್ಮ ಬಿಗ್ ಬ್ಯಾಂಡ್‌ಗೆ ಸೇರಿಸಿಕೊಂಡರು. ಇಬ್ಬರಿಗೂ ಪರಸ್ಪರರ ಭಾಷೆ ಬರುತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುದ್ರಿಸಿದ 'ಮಾಂಟೆಕಾ' ಈಗ ಸ್ಟ್ಯಾಂಡರ್ಡ್ ಆಗಿ ನಿಂತಿದೆ, ಮತ್ತು ಅದು ಹುಟ್ಟಿದ ಬಗೆಯಲ್ಲಿ ನನ್ನ ವಾದದ ತಿರುಳಿದೆ. ಪೋಸೋ ಬಾಯಲ್ಲಿ ಹಾಡಿ ತೋರಿಸಿದ್ದು ಒಂದರ ಮೇಲೊಂದು ಕೂರುವ ಪುಟ್ಟ ವಾಕ್ಯಗಳನ್ನು: ಬೇಸ್‌ಗೆ ಒಂದು, ಸ್ಯಾಕ್ಸೋಫೋನುಗಳಿಗೆ ಒಂದು, ಟ್ರಂಪೆಟ್‌ಗಳಿಗೆ ಒಂದು. ಅವು ಎಷ್ಟು ಹೊತ್ತಾದರೂ ಒಂದೇ ಸ್ವರಗುಚ್ಛದ ಮೇಲೆ ಸುತ್ತುತ್ತಿರಬಲ್ಲವು. ಹಾಗೆಯೇ ಬಿಟ್ಟರೆ ಜಾಝ್‌ಗೆ ಇಲ್ಲಿ ಜಾಗವಿರುವುದಿಲ್ಲ ಎಂದುಕೊಂಡ ಗಿಲೆಸ್ಪಿ ಎಂಟು ಬಾರ್‌ಗಳ ಬ್ರಿಡ್ಜ್ ಬರೆಯಲು ಕುಳಿತರು; ಎಂಟು ಮುಗಿದರೂ ಹಾರ್ಮನಿ ಮನೆ ಸೇರಿರಲಿಲ್ಲವಾದ್ದರಿಂದ ಅದು ಹದಿನಾರಾಯಿತು. ಕೃತಿಯನ್ನು ಕೇಳಿದರೆ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ: ಇತ್ತ ಸುತ್ತುವ ಕಾಲ, ಅತ್ತ ಸಾಗುವ ಕಾಲ. ಆ ಹೊಲಿಗೆಯನ್ನು ಮುಚ್ಚದೆ ಹಾಗೆಯೇ ಬಿಟ್ಟಿರುವುದರಿಂದಲೇ ನನಗೆ 'ಮಾಂಟೆಕಾ' ಪ್ರಿಯ. ಪೋಸೋ 1948ರ ಡಿಸೆಂಬರ್‌ನಲ್ಲಿ ಹಾರ್ಲೆಮ್‌ನಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ 33 ವರ್ಷ.

ಈ ಕಥೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಗದೆ ಹೋದವರು ಗಾಯ್ ವಾರೆನ್. 1923ರಲ್ಲಿ ಅಕ್ರಾದಲ್ಲಿ ಹುಟ್ಟಿದ ಅವರು ಇ. ಟಿ. ಮೆನ್ಸಾ ಅವರೊಡನೆ ಟೆಂಪೋಸ್ ಎಂಬ ಹೈಲೈಫ್ (ಘಾನಾದ ಜನಪ್ರಿಯ ಕುಣಿತದ ಸಂಗೀತ) ತಂಡದಲ್ಲಿ ಡ್ರಮ್ ನುಡಿಸಿ, ಲಂಡನ್ನಿನಲ್ಲಿ ಕೆನ್ನಿ ಗ್ರಹಾಮ್ ಅವರ ತಂಡದಲ್ಲಿದ್ದು, 1955ರಲ್ಲಿ ಷಿಕಾಗೋಗೆ ಬಂದರು. ಅಮೆರಿಕದ ಡ್ರಮ್ ಸೆಟ್ ಅವರಿಗೆ ಕರಗತವಾಗಿತ್ತು. ಆದರೆ ಅಲ್ಲಿಗೆ ಬಂದ ಮೇಲೆ ಅವರು ಮಾಡಿಕೊಂಡ ನಿರ್ಧಾರವನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ: ಅಮೆರಿಕದ ಡ್ರಮ್ಮರ್‌ಗಳಾದ ಜೀನ್ ಕ್ರೂಪಾ, ಮ್ಯಾಕ್ಸ್ ರೋಚ್ ಅವರಂತೆ ನುಡಿಸಲು ಹೊರಟರೆ ತಾನು ಅವರ ಪೇಲವ ನಕಲಾಗುತ್ತೇನೆ, ತನ್ನಲ್ಲಿರುವುದು ಅವರಲ್ಲಿಲ್ಲ; ಆದ್ದರಿಂದ ಆಫ್ರಿಕದ ಸಂಗೀತಕ್ಕೆ ಕೊಂಚ ಜಾಝ್ ಬೆರೆಸುತ್ತೇನೆ, ಜಾಝ್‌ಗೆ ಕೊಂಚ ಆಫ್ರಿಕವನ್ನಲ್ಲ. ಪಾಕದ ಪ್ರಮಾಣ ಹೀಗೆ ತಿರುಗಿತು. 1956ರಲ್ಲಿ ಡೆಕ್ಕಾ ಕಂಪನಿಯಿಂದ ಬಂದ 'ಆಫ್ರಿಕ ಸ್ಪೀಕ್ಸ್, ಅಮೆರಿಕ ಆನ್ಸರ್ಸ್' ಆ ನಿರ್ಧಾರದ ಫಲ. ಮುದ್ರಿಕೆಯ ಹೆಸರಿನಲ್ಲಿರುವ ಕ್ರಮವನ್ನೇ ಅದರ ಸಂಗೀತವೂ ಪಾಲಿಸುತ್ತದೆ. ಡೋಲು ಮಾತು ಆರಂಭಿಸುತ್ತದೆ, ರೆಡ್ ಸಾಂಡರ್ಸ್ ಅವರ ಷಿಕಾಗೋ ವಾದ್ಯವೃಂದ ಉತ್ತರಿಸುತ್ತದೆ. ಅದರಲ್ಲಿದ್ದ ಒಂದು ಧಾಟಿಯನ್ನು ಜರ್ಮನಿಯ ಬರ್ಟ್ ಕೆಂಪ್‌ಫರ್ಟ್ ತಮ್ಮ ವಾದ್ಯವೃಂದಕ್ಕೆ ಅಳವಡಿಸಿಕೊಂಡು 1962ರಲ್ಲಿ ಲೋಕಪ್ರಿಯಗೊಳಿಸಿದರು. ಧಾಟಿ ಊರೂರು ತಿರುಗಿತು; ಅದನ್ನು ಕಟ್ಟಿದವರ ಹೆಸರು ಮಾತ್ರ ಹೆಚ್ಚಿನ ಕೇಳುಗರಿಗೆ ತಲುಪಲಿಲ್ಲ. ಇದು ನನಗೆ ನೋವಿನ ವಿಷಯ, ಏಕೆಂದರೆ ಜಾಝ್‌ನ ಚರಿತ್ರೆ ಬರೆಯುವವರು ಆಫ್ರಿಕವನ್ನು ಬೇರು ಎಂದು ಗೌರವದಿಂದ ಕರೆಯುತ್ತಲೇ, ತಮ್ಮ ಕಾಲದಲ್ಲಿ ತಮ್ಮ ಊರಿನಲ್ಲೇ ಕುಳಿತು ಹೊಸದನ್ನು ಯೋಚಿಸುತ್ತಿದ್ದ ಆಫ್ರಿಕದ ಕಲಾವಿದನನ್ನು ಪುಟದ ಅಂಚಿಗೆ ಸರಿಸಿದರು.

ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿ 1950ರ ದಶಕದ ಕೊನೆಯಲ್ಲಿ ಹಲವು ಡೋಲು ವಾದಕರನ್ನು ಒಟ್ಟುಗೂಡಿಸಿ ಮುದ್ರಿಸಿದರು, 1962ರಲ್ಲಿ ನೈಜೀರಿಯದ ಸಾಲೊಮನ್ ಇಲೋರಿ ಅವರೊಂದಿಗೆ ಸೇರಿದರು. ಮೊಣಕೈಯನ್ನು ಡ್ರಮ್ ಸೆಟ್ಟಿನ ಟಾಮ್ ಎಂಬ ಡೋಲಿನ ಚರ್ಮದ ಮೇಲೆ ಒತ್ತಿ ಶ್ರುತಿಯನ್ನು ಬಾಗಿಸುವ ಬ್ಲೇಕಿ ಅವರ ಕೌಶಲವನ್ನು ಕೇಳಿದಾಗ ಮಾತನಾಡುವ ಡೋಲುಗಳು ನೆನಪಾಗುತ್ತವೆ. 1960ರಲ್ಲಿ ಆಫ್ರಿಕದ 17 ದೇಶಗಳು ಸ್ವತಂತ್ರವಾದವು. ಆ ವರ್ಷವೇ ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್ ಅವರ 'ಉಹುರು ಆಫ್ರಿಕ', ಮ್ಯಾಕ್ಸ್ ರೋಚ್ ಅವರ 'ಫ್ರೀಡಮ್ ನೌ ಸ್ವೀಟ್' ಮುದ್ರಣಗೊಂಡವು. ಎರಡರಲ್ಲೂ ಡೋಲು ನುಡಿಸಿದವರು ನೈಜೀರಿಯದ ಬಾಬಾಟುಂಡೆ ಓಲಾಟುಂಜಿ. 1950ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಬಂದ ಅವರ 'ಡ್ರಮ್ಸ್ ಆಫ್ ಪ್ಯಾಶನ್' ಕೂಡ ಅದೇ ವರ್ಷ ಹೊರಬಂದು ಅಮೆರಿಕದ ಮನೆಮನೆಗಳಲ್ಲಿ ಆಫ್ರಿಕದ ಡೋಲನ್ನು ಕೇಳಿಸಿತು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಬಳಿ. 1959ರಲ್ಲಿ ಬ್ರಾಡ್‌ವೇಗೆ ಬಂದ 'ದ ಸೌಂಡ್ ಆಫ್ ಮ್ಯೂಸಿಕ್' ನಾಟಕದ 'ಮೈ ಫೇವರಿಟ್ ಥಿಂಗ್ಸ್' ಮೂರು ಬೀಟುಗಳ ಸರಳ ವಾಲ್ಟ್ಸ್. ಮರುವರ್ಷದ ಅಕ್ಟೋಬರ್‌ನಲ್ಲಿ ಕೋಲ್ಟ್ರೇನ್ ಅದನ್ನು ಸೊಪ್ರಾನೋ ಸ್ಯಾಕ್ಸೋಫೋನಿನಲ್ಲಿ ಮುದ್ರಿಸಿದಾಗ ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು. ಧಾಟಿಯ ಸಾಲುಗಳ ನಡುವೆ ಅವರು ಹಾಡನ್ನು ನಿಲ್ಲಿಸಿದರು. ಪಿಯಾನೋದಲ್ಲಿ ಮೆಕಾಯ್ ಟೈನರ್ ಒಂದೆರಡು ಸ್ವರಗುಚ್ಛಗಳ ನಡುವೆಯೇ ತೂಗುತ್ತಿದ್ದರು, ಡ್ರಮ್‌ನಲ್ಲಿ ಎಲ್ವಿನ್ ಜೋನ್ಸ್ ವಾಲ್ಟ್ಸ್‌ನ ಮೂರರ ಮೇಲೆ ಎರಡನ್ನೂ ನಾಲ್ಕನ್ನೂ ಹೇರುತ್ತಿದ್ದರು, ಮತ್ತು ಮನೋಧರ್ಮ ಎಷ್ಟು ಹೊತ್ತು ಬೇಕಾದರೂ ಅಲ್ಲೇ ಇರಬಹುದಿತ್ತು. ಬ್ರಿಡ್ಜ್‌ಗೆ ಹೋಗಲೇಬೇಕೆಂಬ ಹಾರ್ಮನಿಯ ಒತ್ತಾಯ ಇಲ್ಲವಾಯಿತು. ಮುಂದಿನ ಭಾಗಕ್ಕೆ ದಾಟುವುದು ಸಂಜ್ಞೆಯ ಮೇಲೆ. ಎವೆ ಮೇಳದಲ್ಲಿ ಮುಖ್ಯ ಡೋಲು ಕರೆ ಕೊಟ್ಟಾಗ ಮಾತ್ರ ಕಿಡಿಯೂ ನರ್ತಕರೂ ಮುಂದಿನ ನಡೆಗೆ ಹೊರಳುವುದು ಇದೇ ಬಗೆಯಲ್ಲಿ. ಆ ಮುದ್ರಣದಲ್ಲಿ ಆಫ್ರಿಕದ ಒಂದು ಡೋಲೂ ಇಲ್ಲ. ಆದರೂ ಡೋಲು ಇಟ್ಟು ಮಾಡಿದ ಹಲವು ಪ್ರಯೋಗಗಳಿಗಿಂತ ಇದು ಆಫ್ರಿಕಕ್ಕೆ ಹತ್ತಿರವಾದದ್ದು, ಏಕೆಂದರೆ ಇಲ್ಲಿ ಬದಲಾದದ್ದು ಬಣ್ಣವಲ್ಲ, ಹಾಡಿನ ಕಾಲದ ಕಟ್ಟೇ ಬದಲಾಯಿತು. ಎರಡು ವಾಲ್ಟ್ಸ್ ಬಾರ್‌ಗಳನ್ನು ಅರ್ಧ ಬೀಟುಗಳಲ್ಲಿ ಎಣಿಸಿದರೆ ಹನ್ನೆರಡು ಮಿಡಿತಗಳು. ಗಂಟೆ ನುಡಿಸುವವರು ಬಂದಿದ್ದರೆ ಅವರಿಗೆ ಕೂರಲು ಜಾಗ ಸಿದ್ಧವಾಗಿತ್ತು.

ಆ ಜಾಗ ತುಂಬಿದ್ದು ಏಳು ವರ್ಷಗಳ ನಂತರ. ಹಾರ್ಲೆಮ್‌ನ 125ನೆಯ ಬೀದಿಯಲ್ಲಿ ಓಲಾಟುಂಜಿ ತೆರೆದ ಆಫ್ರಿಕನ್ ಸಂಸ್ಕೃತಿ ಕೇಂದ್ರಕ್ಕೆ ಕೋಲ್ಟ್ರೇನ್ ಹಣದ ನೆರವು ಕೊಟ್ಟಿದ್ದರು, ಮತ್ತು 1967ರ ಏಪ್ರಿಲ್ 23ರ ಭಾನುವಾರ ಅಲ್ಲಿ ನುಡಿಸಿದರು. ಬದುಕಿನಲ್ಲಿ ಅವರಿಗೆ ಇನ್ನು ಮೂರು ತಿಂಗಳೂ ಉಳಿದಿರಲಿಲ್ಲ. ಜುಲೈ 17ರಂದು ಯಕೃತ್ತಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ರಶೀದ್ ಅಲಿ ಅವರ ಡ್ರಮ್ ಸೆಟ್ಟಿನ ಪಕ್ಕದಲ್ಲಿ ಅಂದು ಆಲ್ಜಿ ಡಿವಿಟ್ ಬಾಟಾ ನುಡಿಸಿದರು. ಬಾಟಾ ಎಂದರೆ ಯೊರುಬಾ ಜನರ, ಕ್ಯೂಬಾದಲ್ಲೂ ಉಳಿದುಕೊಂಡಿರುವ, ಎರಡೂ ಕಡೆ ಚರ್ಮವಿದ್ದು ಒಂದು ಮುಖ ದೊಡ್ಡದು, ಇನ್ನೊಂದು ಚಿಕ್ಕದು ಇರುವ ಡೋಲು. ಅಂದಿನ ಎರಡೇ ಕೃತಿಗಳಲ್ಲಿ ಒಂದು ಅದೇ 'ಮೈ ಫೇವರಿಟ್ ಥಿಂಗ್ಸ್', ಅರ್ಧ ಗಂಟೆಗೂ ಮೀರಿ. ಮುದ್ರಣ ಒರಟು, ಸದ್ದು ಅನೇಕ ಕಡೆ ಒಡೆದುಹೋಗಿದೆ, 2001ರವರೆಗೆ ಅದು ಸಾರ್ವಜನಿಕರಿಗೆ ದೊರೆತೂ ಇರಲಿಲ್ಲ. ಜಿಮ್ಮಿ ಗ್ಯಾರಿಸನ್ ಅವರ ಒಂಟಿ ಬೇಸ್‌ನಿಂದ ಅದು ಮೊದಲಾಗುತ್ತದೆ, ಹಲವು ನಿಮಿಷ. ಆಮೇಲೆ ಎಲ್ಲರೂ ಒಟ್ಟಿಗೆ ಹರಿಯತೊಡಗುತ್ತಾರೆ. ಹಾಡಿನ ಧಾಟಿ ತುಂಡು ತುಂಡಾಗಿ ಮೇಲೆದ್ದು ಮುಳುಗುತ್ತದೆ. ಎಣಿಸಬಹುದಾದ ಬಾರ್ ಎಂಬುದು ಇಲ್ಲಿಲ್ಲ. ಗಂಟೆಯಂತೆ ನಿಖರವಾಗಿ ಸುತ್ತುವ ಆವರ್ತವೂ ಇಲ್ಲ. ಎವೆ ಮೇಳದ ಶಿಸ್ತನ್ನು ಇದರಲ್ಲಿ ಹುಡುಕುವುದು ಸರಿಯಲ್ಲ, ಇದು ಬೇರೆಯದೇ ದಾರಿ. ಆದರೆ ಬ್ರಾಡ್‌ವೇಯ ಹಾಡೊಂದು ತನ್ನ ಅಳತೆಯ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟೂ ತಾನಾಗಿಯೇ ಉಳಿಯುವುದನ್ನು ಇಷ್ಟು ನಿಚ್ಚಳವಾಗಿ ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮ ಬೆಂಗಳೂರಿನ ಒಂದು ಉದಾಹರಣೆಯೂ ಇದೇ ಸಾಲಿಗೆ ಸೇರುತ್ತದೆ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರು ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ 1983ರಲ್ಲಿ ತಂದ 'ಜ್ಯೋತಿ' ಮುದ್ರಿಕೆಯಲ್ಲಿ ಮರಿಯಾನೋ ತಾಳದ ಆವರ್ತದೊಳಗೆ ನಿಂತು ನುಡಿಸುತ್ತಾರೆ. ತಾಳವನ್ನು ಹಿನ್ನೆಲೆಗೆ ಕಳಿಸುವುದಿಲ್ಲ.

ಅಮೆರಿಕದಲ್ಲಿ 1970ರ ದಶಕದಿಂದ ಪರಿಸ್ಥಿತಿ ಬದಲಾಯಿತು. ಕೋಬ್ಲಾ ಲಾಡ್ಜೆಕ್ಪೋ, ಸಿ. ಕೆ. ಲಾಡ್ಜೆಕ್ಪೋ, ಏಬ್ರಹಾಂ ಅಡ್ಜೆನ್ಯಾ ಅವರಂಥ ಘಾನಾದ ಗುರುಗಳು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಡೋಲಿನ ಶಾಸ್ತ್ರವನ್ನು ಗುರುಮುಖೇನ ಕಲಿತ ಜಾಝ್ ಡ್ರಮ್ಮರ್‌ಗಳ ಪೀಳಿಗೆಯೇ ಹುಟ್ಟಿತು. ಅವರು ಸಾಮಾನ್ಯವಾಗಿ ಇಡೀ ಮೇಳವನ್ನು ಒಂದು ಡ್ರಮ್ ಸೆಟ್ಟಿಗೆ ಇಳಿಸುತ್ತಾರೆ: ಬಲಗೈ ಸಿಂಬಲಿನ ಮೇಲೆ ಗಂಟೆ, ಎಡಗಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಟ್ಟೆಯಾದ ಹೈ-ಹ್ಯಾಟ್‌ನಲ್ಲಿ ನಾಲ್ಕು ಹೆಜ್ಜೆ, ಎಡಗೈಯಲ್ಲಿ ಕಗನುವಿನ ಎದುರು ತಟ್ಟುಗಳು, ಬಲಗಾಲು ಮತ್ತು ಟಾಮ್‌ಗಳಲ್ಲಿ ಉಳಿದ ಡೋಲುಗಳ ವಾಕ್ಯಗಳು. ಈ ನಡೆಯ ಮೇಲೆ ಸ್ಟ್ಯಾಂಡರ್ಡ್ ಕೂರಿಸುವಾಗ ಗಂಟೆಯ ಒಂದು ಆವರ್ತಕ್ಕೆ ಹಾಡಿನ ಒಂದು ಬಾರ್ ಸರಿಹೊಂದುತ್ತದೆ. 1966ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಮುದ್ರಿಸಿದ ವೇಯ್ನ್ ಶಾರ್ಟರ್ ಅವರ 'ಫುಟ್‌ಪ್ರಿಂಟ್ಸ್' ಇದಕ್ಕೆ ಚೆನ್ನಾಗಿ ಒಗ್ಗುವ ಕೃತಿ. ಅಲ್ಲಿ ಡ್ರಮ್‌ನಲ್ಲಿ ಟೋನಿ ವಿಲಿಯಮ್ಸ್ ಮತ್ತು ಬೇಸ್‌ನಲ್ಲಿ ರಾನ್ ಕಾರ್ಟರ್ ಮಿಡಿತಗಳನ್ನು ಅಲುಗಿಸದೆ ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ದಾಟುವುದನ್ನು ಪಾದ ತಟ್ಟುತ್ತಾ ಹಿಂಬಾಲಿಸಬಹುದು.

ಈ ಸಾಧನೆ ಅಸಾಧಾರಣವಾದದ್ದು, ಅದರ ಹಿಂದಿನ ಸಾಧಕತನಕ್ಕೆ ನಾನು ತಲೆಬಾಗುತ್ತೇನೆ. ಆದರೂ ಐದಾರು ಜನರ ಸಂವಾದವನ್ನು ಒಬ್ಬರೇ ನುಡಿಸಿದಾಗ, ಕಿಡಿ ಯಾವಾಗ ಉತ್ತರಿಸುತ್ತದೋ ಎಂದು ಮುಖ್ಯ ಡೋಲು ಕಾಯುವ ಆ ಕ್ಷಣ ಇಲ್ಲವಾಗುತ್ತದೆ. ಪ್ರಶ್ನೆಯೂ ಉತ್ತರವೂ ಒಂದೇ ಮೈಯದ್ದು. ಹಾರ್ಮನಿ ಮೊದಲಿನ ವೇಗದಲ್ಲೇ ಸಾಗುತ್ತಿದ್ದರೆ ಗಂಟೆ ಮತ್ತೆ ಅಲಂಕಾರವಾಗುವ ಅಪಾಯವೂ ಇದೆ.

ಗಾಯ್ ವಾರೆನ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಘಾನಾಕ್ಕೆ ಹಿಂದಿರುಗಿ, 1974ರಲ್ಲಿ ಕೋಫಿ ಘನಾಬಾ ಎಂದು ಹೆಸರು ಬದಲಿಸಿಕೊಂಡ ಅವರು ಆಫ್ರಿಕದ ನಡೆಗಳನ್ನು ಅಮೆರಿಕದ ಡ್ರಮ್ ಸೆಟ್ಟಿಗೆ ಇಳಿಸುವ ಬದಲು ಅಕಾನ್ ಅರಸರ ಆಸ್ಥಾನದ ಫೊಂಟೊಮ್‌ಫ್ರೊಮ್ ಡೋಲುಗಳನ್ನೇ ಸುತ್ತ ಜೋಡಿಸಿಕೊಂಡು, ಕಾಲಿನಿಂದ ನುಡಿಯುವಂತೆ ಪೆಡಲುಗಳನ್ನು ಅಳವಡಿಸಿದರು. ಜಾಝ್‌ನಿಂದ ಅವರು ತೆಗೆದುಕೊಂಡದ್ದು ಕೂರುವ ಭಂಗಿಯನ್ನು, ನಾಲ್ಕೂ ಅವಯವಗಳ ಸ್ವಾತಂತ್ರ್ಯವನ್ನು. ನಾದವೂ ನುಡಿಯೂ ಊರಿನದೇ. 1986ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮ್ಯಾಕ್ಸ್ ರೋಚ್ ಅವರೊಂದಿಗೆ ವೇದಿಕೆ ಹಂಚಿಕೊಂಡರು. 2008ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಅವರು ಈ ಡೋಲುಗಳ ನಡುವೆ ಕುಳಿತು, ಗಾಯಕವೃಂದ ಹಾಡುವ ಹ್ಯಾಂಡೆಲ್‌ನ 'ಹಲ್ಲೆಲೂಯಾ' ಎಂಬ ಕ್ರೈಸ್ತ ಸ್ತುತಿಗೀತೆಗೆ ನುಡಿಸುತ್ತಿದ್ದರು. ಅದರ ಚಿತ್ರೀಕರಣ ಲಭ್ಯವಿದೆ. ಗಾಯಕರು ಹ್ಯಾಂಡೆಲ್ ಬರೆದ ಒಂದು ಸ್ವರವನ್ನೂ ಬದಲಿಸುವುದಿಲ್ಲ. ಡೋಲುಗಳು ಅವರಿಗೆ ತಾಳ ಹಿಡಿಯುವುದೂ ಇಲ್ಲ, ಪ್ರತಿ ಸಾಲಿಗೂ ತಮ್ಮ ಉತ್ತರ ಕೊಡುತ್ತಾ ಹೋಗುತ್ತವೆ.